ಮೂಲವಿಧಾನವನ್ನು ಮರೆಯದಿರೋಣ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆಯುವ ವಿದ್ಯೆ ಇಂದು ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟಗಳ ಹುಡುಗರೂ ಹುಡುಗಿಯರೂ ಅದನ್ನು ಕಲಿಯುತ್ತಿದ್ದಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಕಲಿಯುವ ಬಗೆಯನ್ನು ಗಮನಿಸಿದಾಗ ಒಂದು ಕೊರತೆ ನಮ್ಮ ಕಣ್ಣಿಗೆ ಬೀಳುತ್ತದೆ. ಇನ್‌ಹೆರಿಟೆನ್ಸ್ ಎಂದರೇನೆಂದು ಕೇಳಿದರೆ ವಿದ್ಯಾರ್ಥಿಯು ಲಕ್ಷಣವಾಕ್ಯವನ್ನು ತಡೆಯಿಲ್ಲದೆ ಒಪ್ಪಿಸುತ್ತಾನೆ. ಪ್ರಾಣಿ ಮತ್ತು ನಾಯಿ ಎಂಬ ಉದಾಹರಣೆಯನ್ನೂ ಕೊಡುತ್ತಾನೆ. ‘ಮೂಲದಲ್ಲಿದ್ದ ವಿಧಾನವನ್ನು ಮರಿಯು ತನ್ನದಾಗಿ ಮತ್ತೆ ಬರೆದುಕೊಂಡರೆ ಹಳೆಯ ವಿಧಾನದ ಗತಿ ಏನು? ಅದನ್ನು ಕರೆಯಬೇಕೆ, ಬೇಡವೆ? ಕರೆದರೆ ಕೆಲಸ ಮಾಡುವವರು ಯಾರು?’ ಎಂದು ಮುಂದೆ ಕೇಳಿದರೆ ಉತ್ತರ ಸುಲಭವಾಗಿ ಬರುವುದಿಲ್ಲ. ಪ್ರಶ್ನೆಯು ಸಣ್ಣದಾಗಿ ಕಂಡರೂ ವಿಷಯದ ತಿರುಳು ಇರುವುದು ಅಲ್ಲಿಯೇ. ಮೂಲವಿಧಾನವನ್ನು ಕರೆಯುವುದು ಒಂದು ಶಾಸ್ತ್ರಾಚಾರವಲ್ಲ, ವಿವೇಕದಿಂದ ತೀರ್ಮಾನಿಸಬೇಕಾದ ಜವಾಬ್ದಾರಿ ಎಂಬುದನ್ನೂ, ಇದನ್ನು ನಮ್ಮ ಮನೆಯಂಗಳದ ಕೆಲಸಗಳಿಂದಲೇ ಕಲಿಸಬಹುದೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತುಗಳ ಅರ್ಥವನ್ನು ಗೊತ್ತುಮಾಡಿಕೊಳ್ಳೋಣ. ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಹುಳುವಿನ ಸಾಕಣೆಯನ್ನು ನೋಡದ ವಿದ್ಯಾರ್ಥಿ ಇರಲಾರನು. ಯಾವ ಸಾಕಣೆಯಾದರೂ ಅದರಲ್ಲಿ ಕೆಲವು ಕೆಲಸಗಳು ಇದ್ದೇ ಇರುತ್ತವೆ. ಮನೆಯನ್ನು ಅಣಿಮಾಡಬೇಕು, ಹಿಪ್ಪುನೇರಳೆಯ ಮೇವು ಕೊಡಬೇಕು, ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಕಾಲದಲ್ಲಿ, ಮೇವನ್ನು ನಿಲ್ಲಿಸಿ ಕಾಯಬೇಕು, ನಾಲ್ಕು ಜ್ವರಗಳನ್ನು ದಾಟಿ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡಬೇಕು. ಈ ಕೆಲಸಗಳನ್ನೂ, ಹುಳುವಿನ ವಯಸ್ಸು, ಸೊಪ್ಪಿನ ದಾಸ್ತಾನು ಮೊದಲಾದ ವಿವರಗಳನ್ನೂ ಒಟ್ಟುಗೂಡಿಸಿ ಬರೆದಿಟ್ಟ ನಕ್ಷೆಗೆ ವರ್ಗ, ಅಂದರೆ ಕ್ಲಾಸ್, ಎಂದು ಹೆಸರು. ಆ ನಕ್ಷೆಯಂತೆ ಒಬ್ಬ ರೈತನ ಮನೆಯಲ್ಲಿ ಈ ತಿಂಗಳು ನಿಜವಾಗಿ ನಡೆಯುವ ಒಂದು ಬೆಳೆಯೇ ವಸ್ತು, ಅಂದರೆ ಆಬ್ಜೆಕ್ಟ್. ಒಂದೊಂದು ಕೆಲಸದ ಬರವಣಿಗೆಯೇ ವಿಧಾನ, ಅಂದರೆ ಮೆಥಡ್.

ಈಗ ಚಳಿಗಾಲ ಬಂದಿತೆನ್ನಿ. ಎಳೆಯ ಹುಳುಗಳಿಗೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಬೆಳೆದ ಹುಳುಗಳಿಗೆ 24-25 ಡಿಗ್ರಿ ಸಾಕು. ನಮ್ಮ ಕಡೆಯ ಚಳಿಯ ರಾತ್ರಿಗಳಲ್ಲಿ ಮನೆಯನ್ನು ಕಾಯಿಸದೆ ಇದು ಸಾಧ್ಯವಿಲ್ಲ. ಹಾಗೆಂದು ಚಳಿಗಾಲದ ಸಾಕಣೆಗೆ ಬೇರೊಂದು ನಕ್ಷೆಯನ್ನೇ ಮೊದಲಿನಿಂದ ಬರೆಯುವುದು ವ್ಯರ್ಥಶ್ರಮ. ‘ಚಳಿಗಾಲದ ಸಾಕಣೆಯು ಸಾಕಣೆಯೇ, ಆದರೆ ಅಣಿಮಾಡುವ ವಿಧಾನ ಮಾತ್ರ ಬೇರೆ’ ಎಂದು ಹೇಳಿದರೆ ಸಾಕು. ಹೀಗೆ ಹೇಳಿದಾಗ ಸಾಕಣೆಯು ಮೂಲವರ್ಗವೂ ಚಳಿಗಾಲದ ಸಾಕಣೆಯು ಉಪವರ್ಗವೂ ಆಗುತ್ತವೆ. ಪೇರೆಂಟ್, ಚೈಲ್ಡ್ ಎಂದು ಪುಸ್ತಕಗಳು ಕರೆಯುವುದು ಇವುಗಳನ್ನೇ. ಉಪವರ್ಗವು ‘ಅಣಿಮಾಡು’ ಎಂಬ ಹೆಸರಿನಲ್ಲಿಯೇ ತನ್ನ ವಿಧಾನವನ್ನು ಬರೆದುಕೊಂಡಾಗ ಅದು ಮೂಲದ ವಿಧಾನವನ್ನು ಮರೆಮಾಡುತ್ತದೆ.

ತೊಡಕು ಇರುವುದು ಇಲ್ಲಿ. ಮೂಲವರ್ಗದ ‘ಅಣಿಮಾಡು’ ಏನು ಮಾಡುತ್ತಿತ್ತು? ಮನೆಯನ್ನೂ ತಟ್ಟೆಗಳನ್ನೂ ತೊಳೆದು, ಬ್ಲೀಚಿಂಗ್ ಪುಡಿ ಮತ್ತು ಅರಳಿದ ಸುಣ್ಣದ ದ್ರಾವಣವನ್ನು ಸಿಂಪಡಿಸಿ ರೋಗಾಣುಗಳನ್ನು ನಾಶಮಾಡುತ್ತಿತ್ತು. ಉಪವರ್ಗದ ಕರ್ತೃವು ತನ್ನ ‘ಅಣಿಮಾಡು’ವಿನಲ್ಲಿ ‘ಹೀಟರನ್ನು ಇಡು, 27 ಡಿಗ್ರಿಗೆ ಕಾಯಿಸು’ ಎಂದಷ್ಟೇ ಬರೆದರೆ ಪರಿಣಾಮವೇನು? ಮನೆಯು ಬೆಚ್ಚಗಾಗುತ್ತದೆ, ಶುದ್ಧಿಯಾಗುವುದಿಲ್ಲ. ಹಿಂದಿನ ಬೆಳೆಯ ರೋಗಾಣುಗಳು ಹೊಸ ಬೆಳೆಗೂ ಉಳಿಯುತ್ತವೆ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ರೋಗಗಳು ಒಂದು ಬೆಳೆಯನ್ನು ಏನು ಮಾಡಬಲ್ಲವೆಂಬುದನ್ನು ರೇಷ್ಮೆಯ ಮನೆತನದ ಮಕ್ಕಳಿಗೆ ನಾವು ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೆಂದರೆ ಯಂತ್ರವು ಯಾವ ಆಕ್ಷೇಪವನ್ನೂ ಎತ್ತುವುದಿಲ್ಲ ಎಂಬುದು. ಒಂದು ಅಕ್ಷರ ತಪ್ಪಿದರೆ ಕೂಡಲೆ ಗದರಿಸುವ ಗಣಕವು ಇಷ್ಟು ದೊಡ್ಡ ಲೋಪವಾದರೂ ಮೌನವಾಗಿರುತ್ತದೆ. ಅದರ ದೃಷ್ಟಿಯಲ್ಲಿ ಲೋಪವೇ ಆಗಿಲ್ಲ. ಬರೆದದ್ದನ್ನು ಅದು ಮಾಡಿದೆ. ವಸ್ತುವನ್ನು ಹುಟ್ಟಿಸುವಾಗ ನಡೆಯುವ ವಿಶೇಷವಿಧಾನದ ಮಟ್ಟಿಗೆ ಜಾವಾ, ಸಿ++ ಭಾಷೆಗಳು ಮೂಲದ ಕೆಲಸವನ್ನು ತಾವಾಗಿಯೇ ಮೊದಲು ಮಾಡಿಸುತ್ತವೆ. ಪೈಥಾನ್ ಭಾಷೆಯಲ್ಲಿ ಉಪವರ್ಗವು ತನ್ನದೇ ಆರಂಭವಿಧಾನವನ್ನು ಬರೆದುಕೊಂಡರೆ ಆ ರಕ್ಷಣೆಯೂ ಇಲ್ಲ. ಸಾಧಾರಣ ವಿಧಾನಗಳ ವಿಷಯದಲ್ಲಿಯಂತೂ ಈ ಮೂರೂ ಭಾಷೆಗಳು ಕರೆಯುವ ಹೊಣೆಯನ್ನು ಬರೆಯುವವನ ಮೇಲೆಯೇ ಹೊರಿಸಿವೆ. ಸರಿಯಾದ ಬರಹವು ಹೀಗಿರಬೇಕು: ‘ಮೂಲದ ಅಣಿಮಾಡುವನ್ನು ನಡೆಸು, ಆಮೇಲೆ ಹೀಟರನ್ನು ಇಟ್ಟು ಕಾಯಿಸು.’ ಈ ‘ಮೂಲದ’ ಎಂಬ ಮಾತಿಗೆ ಜಾವಾ ಮತ್ತು ಪೈಥಾನ್ ಭಾಷೆಗಳಲ್ಲಿ ಸೂಪರ್ ಎಂದು ಹೆಸರು. ಸಿ++ ಭಾಷೆಯಲ್ಲಿ ಮೂಲವರ್ಗದ ಹೆಸರನ್ನೇ ಹಿಡಿದು ಕರೆಯಬೇಕು.

ಕರೆಯುವುದು ಎಷ್ಟು ಮುಖ್ಯವೋ ಯಾವಾಗ ಕರೆಯಬೇಕೆಂಬುದೂ ಅಷ್ಟೇ ಮುಖ್ಯ. ಅಣಿಮಾಡುವಾಗ ಮೂಲದ ಕೆಲಸ ಮೊದಲು, ಉಪವರ್ಗದ್ದು ಅನಂತರ. ಮನೆಯನ್ನು ಕಾಯಿಸಿದ ಮೇಲೆ ನೀರು ಸುರಿದು ತೊಳೆಯುವವರುಂಟೆ? ಬೆಳೆ ಮುಗಿದು ಮನೆಯನ್ನು ತೆರವು ಮಾಡುವಾಗ ಕ್ರಮವು ತಿರುಗುಮುರುಗಾಗುತ್ತದೆ: ಉಪವರ್ಗವು ಮೊದಲು ತನ್ನ ಹೀಟರನ್ನು ತೆಗೆಯಬೇಕು, ಆಮೇಲೆ ಮೂಲದ ‘ತೆರವುಮಾಡು’ ನಡೆದು ಮನೆಯನ್ನು ತೊಳೆಯಬೇಕು. ಕಟ್ಟುವಾಗ ತಳಪಾಯ ಮೊದಲು, ಕೆಡವುವಾಗ ಮಾಳಿಗೆ ಮೊದಲು ಎಂಬ ಲೋಕಜ್ಞಾನವೇ ಇದು.

ಇನ್ನು ‘ಕೆಲಸ ಮಾಡುವವರು ಯಾರು?’ ಎಂಬ ಪ್ರಶ್ನೆ. ತಾಯಿ, ಮಗು ಎಂಬ ರೂಪಕವು ಇಲ್ಲಿ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತದೆಂದು ನಮ್ಮ ಅಭಿಪ್ರಾಯ. ಮಗುವೆಂಬ ಒಂದು ವಸ್ತುವು ತಾಯಿಯೆಂಬ ಇನ್ನೊಂದು ವಸ್ತುವನ್ನು ಕೂಗಿ ಕರೆದಂತೆ ಅವರು ಊಹಿಸಿಕೊಳ್ಳುತ್ತಾರೆ. ಒಂದು ಹೋಲಿಕೆಯಿಂದ ಇದನ್ನು ಬಿಡಿಸಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟಿತಷ್ಟೆ. ಈಗ ಚಿಕ್ಕಬಳ್ಳಾಪುರದ ಕಚೇರಿಗೆ ಹಳೆಯ ಕಾಗದವೊಂದು ಬೇಕಾಗಿ ಅದು ಕೋಲಾರಕ್ಕೆ ಬರೆದರೆ, ಅಲ್ಲಿ ಎರಡು ಕಚೇರಿಗಳಿವೆ. ಕಾಗದವು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಮೂಲವಿಧಾನವನ್ನು ಕರೆಯುವುದು ಹೀಗಲ್ಲ. ಇಲ್ಲಿ ಕಚೇರಿ ಒಂದೇ, ಗುಮಾಸ್ತನೂ ಒಬ್ಬನೇ. ಅವನು ಹೊಸ ನಿಯಮಾವಳಿಯ ಪುಟವನ್ನು ಬಿಟ್ಟು, ಹಳೆಯ ನಿಯಮಾವಳಿಯ ಪುಟವನ್ನು ತೆರೆದು, ಅದರಂತೆ ತಾನೇ ಕೆಲಸ ಮಾಡುತ್ತಾನೆ. ಶುದ್ಧಿಯಾಗುವುದು ಇದೇ ಮನೆ. ಬೇರೆ ಯಾವ ತಾಯಿಯ ಮನೆಯೂ ಅಲ್ಲ. ರೇಷ್ಮೆಯ ಮಿಶ್ರತಳಿಯನ್ನು ನೆನೆದು, ಎರಡು ತಳಿಗಳ ಗುಣ ಬೆರೆತಂತೆ ವಿಧಾನಗಳೂ ಬೆರೆಯುತ್ತವೆಂದು ಯಾರಾದರೂ ಭಾವಿಸಿದರೆ ಅದೂ ಸರಿಯಲ್ಲ. ಉಪವರ್ಗವು ಎಲ್ಲವನ್ನೂ ಇದ್ದಂತೆಯೇ ಪಡೆಯುತ್ತದೆ; ತಾನು ಬದಲಿಸಿದ್ದು ಮಾತ್ರ ಬದಲಾಗುತ್ತದೆ.

ವಸ್ತು ಒಂದೇ ಎಂಬುದರಿಂದ ಎರಡು ಫಲಗಳು ಹೊರಡುತ್ತವೆ. ಮೊದಲನೆಯದು: ಉಪವರ್ಗದ ‘ಅಣಿಮಾಡು’ವಿನೊಳಗೆ ‘ಮೂಲದ ಅಣಿಮಾಡು’ ಎನ್ನುವ ಬದಲು ‘ನನ್ನ ಅಣಿಮಾಡು’ ಎಂದು ಬರೆದರೆ ಅದು ತನ್ನನ್ನೇ ಕರೆಯುತ್ತದೆ, ಆ ಕರೆಯು ಮತ್ತೆ ತನ್ನನ್ನೇ. ಎದುರುಬದುರು ಕನ್ನಡಿಗಳಲ್ಲಿನ ಬಿಂಬಗಳಂತೆ ಇದಕ್ಕೆ ಕೊನೆಯಿಲ್ಲ. ಯಂತ್ರದ ನೆನಪು ತುಂಬಿ ಕೆಲಸ ನಿಂತುಹೋಗುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಮೂಲವಿಧಾನವು ನಡೆಯುತ್ತಿರುವಾಗಲೂ ‘ನಾನು’ ಎಂದರೆ ಉಪವರ್ಗದ ವಸ್ತುವೇ. ಆದುದರಿಂದ ಮೂಲವಿಧಾನದೊಳಗೆ ಬೇರೊಂದು ವಿಧಾನದ ಕರೆಯಿದ್ದು, ಅದನ್ನು ಉಪವರ್ಗವು ತಿದ್ದಿಕೊಂಡಿದ್ದರೆ, ತಿದ್ದಿದ ವಿಧಾನವೇ ನಡೆಯುತ್ತದೆ. ಸಿ++ ಭಾಷೆಯಲ್ಲಿ ಇದಕ್ಕೆ ವರ್ಚುಯಲ್ ಎಂಬ ಗುರುತನ್ನು ಹಾಕಬೇಕು. ಜಾವಾ, ಪೈಥಾನ್‌ಗಳಲ್ಲಿ ಸಾಮಾನ್ಯವಾಗಿ ಇದೇ ನಿಯಮ.

ಈ ಎರಡನೆಯ ಫಲವು ಎಂತಹ ಚಮತ್ಕಾರವನ್ನು ಮಾಡಬಲ್ಲದೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಮೂಲವರ್ಗದಲ್ಲಿ ‘ಮೇವುಕೊಡು’ ಎಂಬ ವಿಧಾನವಿದೆ. ‘ದಿನದಮೇವು’ ಎಂಬ ಇನ್ನೊಂದು ವಿಧಾನವು ‘ಮೇವುಕೊಡು’ವನ್ನು ಮೂರು ಸಲ ಕರೆಯುತ್ತದೆ. ಎಷ್ಟು ಸಲ ಮೇವು ಕೊಟ್ಟೆವೆಂಬ ಲೆಕ್ಕವಿಡುವ ಒಂದು ಉಪವರ್ಗವನ್ನು ವಿದ್ಯಾರ್ಥಿಯೊಬ್ಬನು ಬರೆಯುತ್ತಾನೆ. ‘ಮೇವುಕೊಡು’ವಿನಲ್ಲಿ ಲೆಕ್ಕಕ್ಕೆ 1 ಕೂಡಿಸಿ ಮೂಲವಿಧಾನವನ್ನು ಕರೆಯುತ್ತಾನೆ. ‘ದಿನದಮೇವು’ವಿನಲ್ಲಿ ಲೆಕ್ಕಕ್ಕೆ 3 ಕೂಡಿಸಿ ಮೂಲವಿಧಾನವನ್ನು ಕರೆಯುತ್ತಾನೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ನಿರ್ದುಷ್ಟವಾಗಿವೆ. ಆದರೆ ಒಂದು ದಿನದ ಮೇವು ಮುಗಿದಾಗ ಲೆಕ್ಕವು 6 ಎಂದು ತೋರಿಸುತ್ತದೆ! ಹುಳುಗಳು ತಿಂದದ್ದು ಮೂರೇ ಸಲ. ಮೂಲದ ‘ದಿನದಮೇವು’ ಮೂರು ಸಲ ಕರೆದದ್ದು ಉಪವರ್ಗದ ‘ಮೇವುಕೊಡು’ವನ್ನು, ಅದು ಮತ್ತೆ ಮೂರನ್ನು ಕೂಡಿಸಿತು. ಮೂಲವಿಧಾನದ ಒಳಗೇನಿದೆಯೆಂದು ತಿಳಿಯದೆ ಅದನ್ನು ಕರೆಯುವುದು ಕಣ್ಣುಕಟ್ಟಿ ಬಾವಿಯ ಮೆಟ್ಟಿಲಿಳಿದಂತೆ.

ಈ ಕಲ್ಪನೆಗಳು ಎಲ್ಲಿಂದ ಬಂದವೆಂಬುದನ್ನು ತಿಳಿದರೆ ನಮ್ಮ ವಾದಕ್ಕೆ ಬಲ ಬರುತ್ತದೆ. ನಾರ್ವೆ ದೇಶದ ಆಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಎಂಬ ಇಬ್ಬರು 1960ರ ದಶಕದಲ್ಲಿ ಸಿಮುಲಾ ಎಂಬ ಭಾಷೆಯನ್ನು ರಚಿಸಿದರು. ವರ್ಗ, ಉಪವರ್ಗಗಳು ಮೊದಲು ಮೈದಳೆದದ್ದು ಅದರ 1967ರ ರೂಪದಲ್ಲಿ. ಇವರಿಬ್ಬರಿಗೂ 2001ನೆಯ ವರ್ಷದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಸಿಮುಲಾದ ಏರ್ಪಾಡು ಇಂದಿನದಕ್ಕೆ ವಿರುದ್ಧವಾಗಿತ್ತೆಂಬುದು ಸ್ವಾರಸ್ಯ. ಅಲ್ಲಿ ಉಪವರ್ಗವು ಮೂಲವನ್ನು ಕರೆಯುತ್ತಿರಲಿಲ್ಲ; ಮೂಲವರ್ಗದ ಕೆಲಸವೇ ಮೊದಲು ಆರಂಭವಾಗಿ, ‘ಇನ್ನರ್’ ಎಂದು ಗುರುತು ಹಾಕಿದ ಜಾಗಕ್ಕೆ ಬಂದಾಗ ಉಪವರ್ಗದ ಕೆಲಸಕ್ಕೆ ಎಡೆಗೊಟ್ಟು, ಆಮೇಲೆ ತನ್ನ ಉಳಿದ ಕೆಲಸವನ್ನು ಮುಗಿಸುತ್ತಿತ್ತು. ಮುಂದೆ ಬಂದ ಬೀಟಾ ಎಂಬ ಭಾಷೆಯು ಇದನ್ನು ವಿಧಾನಗಳಿಗೂ ವಿಸ್ತರಿಸಿತು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಬೆಳೆದ ಸ್ಮಾಲ್‌ಟಾಕ್ ಭಾಷೆಯು ಇನ್ನೊಂದು ದಾರಿಯನ್ನು ಹಿಡಿಯಿತು. ಅಲ್ಲಿ ಅಧಿಕಾರವು ಉಪವರ್ಗಕ್ಕೆ. ಬೇಕೆನಿಸಿದರೆ ಅದು ‘ಸೂಪರ್’ ಎಂದು ಮೂಲವನ್ನು ಕರೆಯಬಹುದು, ಇಲ್ಲದಿದ್ದರೆ ಬಿಡಬಹುದು. ಇಂದಿನ ಹೆಚ್ಚಿನ ಭಾಷೆಗಳು ಈ ಎರಡನೆಯ ದಾರಿಯಲ್ಲಿಯೇ ನಡೆದಿವೆ.

ಮೂರನೆಯ ದಾರಿಯೊಂದುಂಟು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮೂಲವೆಂಬುದು ನಕ್ಷೆಯಾಗಿರದೆ ನಿಜವಾಗಿಯೂ ಒಂದು ವಸ್ತುವೇ ಆಗಿರುತ್ತದೆ. ಮರಿವಸ್ತುವಿನಲ್ಲಿ ಸಿಗದ ವಿಧಾನವನ್ನು ಯಂತ್ರವು ಮೂಲವಸ್ತುವಿನಲ್ಲಿ ಹುಡುಕುತ್ತದೆ. ಅಲ್ಲಿ ಮೂಲವಸ್ತುವನ್ನು ನೇರವಾಗಿ ಹೆಸರಿಸಿ ಅದರ ವಿಧಾನವನ್ನು ಕರೆದರೆ ‘ನಾನು’ ಎಂದರೆ ಮೂಲವಸ್ತುವೇ ಆಗಿ, ನಮ್ಮ ಮನೆಯ ಬದಲು ಅದರ ಮನೆಯು ಶುದ್ಧಿಯಾಗುತ್ತದೆ. ಆದುದರಿಂದ ವಿಧಾನವು ಮೂಲದ್ದಾದರೂ ಕೆಲಸ ಮಾಡುವವನು ಮರಿಯೆಂದು ಸ್ಪಷ್ಟವಾಗಿ ಹೇಳಬೇಕು. 2015ರಿಂದ ಆ ಭಾಷೆಗೂ ಸೂಪರ್ ಎಂಬ ಮಾತು ಸೇರಿ ಈ ತೊಂದರೆ ಬಹುಮಟ್ಟಿಗೆ ತಗ್ಗಿದೆ.

ಹಾಗಾದರೆ ಯಾವ ದಾರಿ ಒಳ್ಳೆಯದು? ಮರೆತರೆ ಬೆಳೆಯೇ ಹಾಳಾಗುವಂತಹ ಕೆಲಸವನ್ನು ಉಪವರ್ಗದ ಒಳ್ಳೆಯತನಕ್ಕೆ ಬಿಡಬಾರದೆಂಬುದು ನಮ್ಮ ನಿಲುವು. ಅಂತಹ ಕಡೆಗಳಲ್ಲಿ ಆಸ್ಲೋದ ಪಂಡಿತರ ದಾರಿಯೇ ಲೇಸು. ಮೂಲವರ್ಗವು ‘ಅಣಿಮಾಡು’ವನ್ನು ಯಾರೂ ತಿದ್ದದಂತೆ ತನ್ನಲ್ಲಿಯೇ ಇಟ್ಟುಕೊಳ್ಳಲಿ, ಶುದ್ಧಿಯ ಕೆಲಸ ಮುಗಿಸಿದ ಮೇಲೆ ‘ವಿಶೇಷಸಿದ್ಧತೆ’ ಎಂಬ ಬರಿದಾದ ವಿಧಾನವೊಂದನ್ನು ಕರೆಯಲಿ. ಉಪವರ್ಗವು ಅದನ್ನು ಮಾತ್ರ ತುಂಬಿಕೊಳ್ಳಲಿ. ಜಾವಾ ಭಾಷೆಯಲ್ಲಿ ಫೈನಲ್ ಎಂಬ ಗುರುತಿನಿಂದ ಇದನ್ನು ಸಾಧಿಸಬಹುದು. ಆಗ ಹೀಟರೂ ಬರುತ್ತದೆ, ಶುದ್ಧಿಯೂ ತಪ್ಪುವುದಿಲ್ಲ. ಮರೆಯುವ ಅವಕಾಶವನ್ನೇ ತೆಗೆದುಹಾಕುವುದು ‘ಮರೆಯಬೇಡ’ ಎಂದು ನೂರು ಸಲ ಹೇಳುವುದಕ್ಕಿಂತ ಮೇಲು. ಮೂಲದ ಕೆಲಸವು ಅನುಕೂಲಕ್ಕಾಗಿ ಮಾತ್ರ ಇದ್ದು, ಉಪವರ್ಗವು ಅದನ್ನು ಪೂರ್ತಿ ಬದಲಿಸುವುದು ನ್ಯಾಯವಾಗಿರುವ ಕಡೆ ಸೂಪರ್‌ನ ಸ್ವಾತಂತ್ರ್ಯವೇ ತಕ್ಕದ್ದು. ಎಳೆಯ ಹುಳುವಿಗೆ ಎಳೆಯ ಎಲೆಯನ್ನು ಹೆಚ್ಚಿ ಕೊಡುವ ಚಾಕಿ ಸಾಕಣೆಯು ದೊಡ್ಡ ಹುಳುವಿನ ಮೇವಿನ ವಿಧಾನವನ್ನು ಕರೆದು ಮಾಡುವುದೇನು? ಅಲ್ಲಿ ಮೂಲವಿಧಾನವನ್ನು ಕರೆಯದಿರುವುದೇ ವಿವೇಕ.

ಮೂಲವನ್ನು ನಂಬುವವರು ಮೂಲವನ್ನು ಪರೀಕ್ಷಿಸಲೂ ಬೇಕು. ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವ ರೋಗ. 1865ರಿಂದ ಫ್ರಾನ್ಸಿನ ದಕ್ಷಿಣದಲ್ಲಿ ಇದನ್ನು ಅಭ್ಯಾಸಮಾಡಿದ ಲೂಯಿ ಪಾಸ್ಚರ್, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಮಾಡುವ ಕ್ರಮವನ್ನು ಬಳಕೆಗೆ ತಂದರು. ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ಇಂದಿಗೂ ನಡೆಯುತ್ತದೆ. ಮೂಲವರ್ಗದಲ್ಲಿನ ದೋಷವೂ ಹೀಗೆಯೇ. ಹತ್ತು ಉಪವರ್ಗಗಳಿದ್ದರೆ ಹತ್ತಕ್ಕೂ ಅದು ಹರಡುತ್ತದೆ. ಮೊಟ್ಟೆಗಳನ್ನು ಒಂದೊಂದಾಗಿ ಪರೀಕ್ಷಿಸುವುದಕ್ಕಿಂತ ತಾಯಿಯನ್ನು ಪರೀಕ್ಷಿಸುವುದು ಸುಲಭವೂ ಹೌದು, ಖಚಿತವೂ ಹೌದು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರಿಂದೇನೆಂದು ಕೇಳುವವರು ಗೌರಿಬಿದನೂರಿನ ಕಡೆಗೆ ನೋಡಲಿ. ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು ಅಲ್ಲಿ 1965ರಿಂದ ಇದೆ. ಅನೇಕ ಮಾಪಕಗಳಿಗೆ ಅಲೆಯು ತಲಪುವ ಕಾಲಗಳ ಸಣ್ಣ ವ್ಯತ್ಯಾಸದಿಂದ ಅದು ಬಂದ ದಿಕ್ಕನ್ನು ಕಂಡುಹಿಡಿಯುವುದು ಇಂತಹ ಸಾಲಿನ ತತ್ತ್ವ. ಅದರ ಮಾದರಿಯೊಂದನ್ನು ವಿದ್ಯಾರ್ಥಿಯು ಗಣಕದಲ್ಲಿ ರಚಿಸುತ್ತಾನೆನ್ನೋಣ. ‘ಮಾಪಕ’ವೆಂಬ ಮೂಲವರ್ಗದ ‘ಓದು’ ವಿಧಾನವು ಗಡಿಯಾರದ ತಿದ್ದುಪಡಿಯನ್ನು ಮಾಡುತ್ತದೆ. ಉಪವರ್ಗದ ‘ಓದು’ ಗದ್ದಲವನ್ನು ಸೋಸುತ್ತದೆ. ಆದರೆ ಮೂಲವನ್ನು ಕರೆಯಲು ಮರೆಯುತ್ತದೆ. ಫಲವಾಗಿ ಬರುವ ರೇಖೆಯು ನಯವಾಗಿ, ಅಂದವಾಗಿ ಇರುತ್ತದೆ. ಕಾಲ ಮಾತ್ರ ತಪ್ಪು. ಆದುದರಿಂದ ದಿಕ್ಕೂ ತಪ್ಪು. ಪ್ರಯೋಗಶಾಲೆಯಲ್ಲಿ ಶೂನ್ಯದೋಷವನ್ನು ಕಳೆಯದೆ ಮೂರು ದಶಮಾಂಶ ಸ್ಥಾನಗಳವರೆಗೆ ಉತ್ತರ ಬರೆಯುವುದಕ್ಕೂ ಇದಕ್ಕೂ ಭೇದವಿಲ್ಲ.

ನಮ್ಮ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. ಇನ್‌ಹೆರಿಟೆನ್ಸನ್ನೇ ಮಿತವಾಗಿ ಬಳಸಬೇಕು, ಒಂದು ವಸ್ತುವಿನೊಳಗೆ ಇನ್ನೊಂದನ್ನು ಇಟ್ಟುಕೊಂಡು ಅದರಿಂದ ಕೆಲಸ ಮಾಡಿಸುವುದು ಮೇಲೆಂದು ಅನುಭವಿಗಳು ಹೇಳುತ್ತಾರೆ. 1994ರಲ್ಲಿ ಗಾಮಾ ಮೊದಲಾದ ನಾಲ್ವರು ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಹೆಸರಾಂತ ಗ್ರಂಥದ ಸಲಹೆಯೂ ಅದೇ. ಮೇಲೆ ನೋಡಿದ ಮೇವಿನ ಲೆಕ್ಕದ ಚಮತ್ಕಾರವೇ ಅದಕ್ಕೆ ಸಾಕ್ಷಿ. ಎರಡು ಮೂಲವರ್ಗಗಳಿದ್ದಾಗ ತೊಡಕು ಇಮ್ಮಡಿಸುತ್ತದೆಂಬುದೂ ದಿಟ; ಪೈಥಾನಿನಲ್ಲಿ ಸೂಪರ್ ಎಂದರೆ ತಾಯಿಯೆಂದಲ್ಲ, ಗೊತ್ತಾದ ಸರದಿಯಲ್ಲಿ ಮುಂದಿನವರೆಂದು ಅರ್ಥ. ಇದೆಲ್ಲವನ್ನೂ ನಾವು ಒಪ್ಪುತ್ತೇವೆ. ಆದರೆ ಯಾವುದನ್ನು ಮಿತವಾಗಿ ಬಳಸಬೇಕೋ ಅದನ್ನು ಚೆನ್ನಾಗಿ ತಿಳಿದಿರಬೇಕು. ಇತರರು ಬರೆದ ಕ್ರಮವಿಧಿಗಳನ್ನು ಓದಿ ತಿದ್ದುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ನಾಳೆ ಹೋಗತಕ್ಕವರು. ಅಲ್ಲಿ ಸೂಪರ್ ಎದುರಾಗದೆ ಇರದು.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮ ಸೂಚನೆಗಳು ಮೂರು. ಒಂದು, ಉದಾಹರಣೆಗಳನ್ನು ವಿದ್ಯಾರ್ಥಿಗೆ ಗೊತ್ತಿರುವ ಕೆಲಸದಿಂದ ಆರಿಸೋಣ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜೂ ಕೂಗಳತೆಯಲ್ಲಿರುವಾಗ ಬೊಗಳುವ ನಾಯಿಯೇ ಏಕೆ ಬೇಕು? ಎರಡು, ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಬಿಡೋಣ. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ವರ್ಗಗಳಿಗೂ ವಿಧಾನಗಳಿಗೂ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು, ಜಾವಾದಲ್ಲಿಯೂ ಸಾಧ್ಯ. ಭಾಷೆಯ ಕೆಲವು ಕಟ್ಟುಮಾತುಗಳು ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ, ಉಳಿಯಲಿ. ಮೂರು, ಪರೀಕ್ಷೆಯಲ್ಲಿ ಲಕ್ಷಣವಾಕ್ಯವನ್ನು ಕೇಳುವ ಬದಲು, ಸೂಪರ್ ಕರೆಯನ್ನು ಅಳಿಸಿದ ಕ್ರಮವಿಧಿಯನ್ನು ಕೊಟ್ಟು ‘ಇದರ ಫಲವೇನು, ಏಕೆ?’ ಎಂದು ಕೇಳೋಣ.

ವಿದ್ಯಾರ್ಥಿ ಮಿತ್ರರು ಇಷ್ಟು ಮಾಡಲಿ. ಮೇಲೆ ಹೇಳಿದ ಮೇವಿನ ಲೆಕ್ಕವನ್ನು ತಾವೇ ಬರೆದು ನಡೆಸಲಿ. 6 ಬರುವುದನ್ನು ಕಣ್ಣಾರೆ ಕಾಣಲಿ. ಅದು 3 ಆಗುವಂತೆ ತಿದ್ದಲಿ. ತಿದ್ದುವ ದಾರಿ ಒಂದಕ್ಕಿಂತ ಹೆಚ್ಚಿದೆ. ಯಾವುದನ್ನು ಆರಿಸಿದೆವು, ಏಕೆ ಆರಿಸಿದೆವು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದಿಡಲಿ. ಆ ನಾಲ್ಕು ವಾಕ್ಯಗಳನ್ನು ಸ್ವಂತವಾಗಿ ಬರೆಯಬಲ್ಲವರಿಗೆ ಲಕ್ಷಣವಾಕ್ಯವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.